ಚರ್ಮವೆಂಬ ಕೋಟೆಯೂ ನೋವಿನ ಪಟ್ಟಿಯೂ

ಹೋದ ಶ್ರಾವಣಮಾಸದಲ್ಲಿ ಒಂದು ಸಂಜೆ ನಮ್ಮ ಅಕ್ಕನವರು ಪಡಸಾಲೆಯಲ್ಲಿ ಕಾಲು ನೀಡಿಕೊಂಡು ಕುಳಿತು, ವೈದ್ಯರು ಬರೆದುಕೊಟ್ಟಿದ್ದ ಔಷಧದ ಅಂಟುಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು, ಅದರ ಹಿಂದುಮುಂದನ್ನು ತಿರುಗಿಸಿ ತಿರುಗಿಸಿ ನೋಡಿ, "ಏನೋ, ಇಷ್ಟಗಲದ ಅಂಚೆಚೀಟಿಯನ್ನು ಮೊಳಕಾಲಿಗೆ ಅಂಟಿಸಿಬಿಟ್ಟರೆ ನೋವು ಯಾವ ಊರಿಗೆ ಹೊರಟುಹೋಗುತ್ತದೆಯೋ?" ಎಂದು ಕೇಳಿದರು. ನಾವು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಂದ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿದವರೇ ಹೊರತು ವೈದ್ಯಶಾಸ್ತ್ರವನ್ನು ಓದಿದವರಲ್ಲ. ಆದರೂ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದೆಂದು ಒಪ್ಪಿಕೊಳ್ಳುವುದು ತಮ್ಮನಾದವನಿಗೆ ಸುಲಭವಲ್ಲ. "ಅಂಟಿಸಿಕೊಂಡರೆ ತಾನೇ ಗೊತ್ತಾಗುತ್ತದೆ, ಅಕ್ಕ" ಎಂದು ಹೇಳಿ ಆ ದಿನ ಜಾರಿಕೊಂಡೆವು. ಆ ಅಜ್ಞಾನಕ್ಕೆ ಹತ್ತು ದಿನಗಳೊಳಗಾಗಿ ಅಕ್ಕನವರ ಮೊಳಕಾಲಿನ ಚರ್ಮವೇ ದಂಡ ತೆರಬೇಕಾಯಿತು. ಅಂದಿನಿಂದ ವೈದ್ಯರನ್ನು ಕಾಡಿಸಿ, ಪುಸ್ತಕಗಳನ್ನು ತಿರುವಿಹಾಕಿ ತಿಳಿದುಕೊಂಡುದನ್ನು ಈ ತಿಂಗಳು ನಮ್ಮ ಓದುಗರ ಮುಂದಿಡುತ್ತೇವೆ. ಮೊಳಕಾಲುನೋವಿಲ್ಲದ ಹಿರಿಯರಿರುವ ಮನೆ ಎಲ್ಲಿದೆ?

ಅಕ್ಕನವರ ನೋವು ಇಂದುನಿನ್ನೆಯದಲ್ಲ. ಕೀಲು ಸವೆದಿದೆಯೆಂದು ವೈದ್ಯರು ಹೇಳಿ ಹತ್ತು ವರ್ಷಗಳಾದುವು. ನೋವು ಮಿತಿಮೀರಿದಾಗ ಮಾತ್ರ ತೆಗೆದುಕೊಳ್ಳತಕ್ಕದ್ದೆಂದು ಕೊಟ್ಟಿದ್ದ ಗುಳಿಗೆಯನ್ನು ಅವರು ಮೊದಲು ಹಬ್ಬಹರಿದಿನಗಳಲ್ಲಿಯೂ, ಬರುಬರುತ್ತ ಏಕಾದಶಿಯೊಂದನ್ನು ಬಿಟ್ಟು ಮಿಕ್ಕೆಲ್ಲ ದಿನಗಳಲ್ಲಿಯೂ ನುಂಗತೊಡಗಿದರು. ಹಳೆಯ ಚೀಟಿಯನ್ನು ತೋರಿಸಿದರೆ ಅಂಗಡಿಯವರು ಹತ್ತು ಗುಳಿಗೆ ಕೊಟ್ಟುಬಿಡುತ್ತಿದ್ದರು, ತಂದುಕೊಡುತ್ತಿದ್ದವರು ನಾವೇ. ಎದೆಯುರಿ ಬಂದಿತು, ಹುಳಿಯ ದೋಷವೆಂದುಕೊಂಡೆವು. ಪಾದಗಳು ಬಾತುವು, ವಯಸ್ಸಿನ ದೋಷವೆಂದುಕೊಂಡೆವು. ಕಡೆಗೆ ರಕ್ತಪರೀಕ್ಷೆ ಮಾಡಿಸಿದಾಗ, ಮೂತ್ರಪಿಂಡಗಳು ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸವು ರಕ್ತದಲ್ಲಿ ನಿಲ್ಲತೊಡಗಿರುವುದು ಕಂಡಿತು. ವೈದ್ಯರು ಗುಳಿಗೆಯ ಡಬ್ಬಿಯನ್ನು ಕೇಳಿ ಇಸಿದುಕೊಂಡು ತಮ್ಮ ಮೇಜಿನ ಸೆಳೆಖಾನೆಯಲ್ಲಿ ಹಾಕಿಕೊಂಡರು. ಅದಕ್ಕೆ ಬದಲಾಗಿ, ಎಚ್ಚರಿಕೆಯ ಮಾತುಗಳೊಡನೆ, ಕೆಲವೇ ದಿನಗಳ ಮಟ್ಟಿಗೆಂದು ಬರೆದುಕೊಟ್ಟದ್ದೇ ಈ ಪಟ್ಟಿ.

ಗುಳಿಗೆಯಲ್ಲಿದ್ದದ್ದೂ ಪಟ್ಟಿಯಲ್ಲಿದ್ದದ್ದೂ ಒಂದೇ ಔಷಧ, ಡೈಕ್ಲೊಫೆನಾಕ್. ಐಬುಪ್ರೊಫೆನ್, ಕೀಟೊಪ್ರೊಫೆನ್ ಮೊದಲಾದವು ಇದರ ದಾಯಾದಿಗಳು. ಇವೆಲ್ಲವನ್ನೂ ಶೋಥಹರಗಳೆಂದು, ಅಂದರೆ ಊತನೋವುಗಳನ್ನಿಳಿಸುವ ಔಷಧಗಳೆಂದು ಕರೆಯಬಹುದು. ಇಂಗ್ಲೆಂಡಿನ ಜಾನ್ ವೇನ್ ಎಂಬ ಪಂಡಿತರು 1971ರಲ್ಲಿ ಆಸ್ಪಿರಿನ್ ಮುಂತಾದುವು ಹೇಗೆ ಕೆಲಸಮಾಡುತ್ತವೆಂಬುದನ್ನು ತೋರಿಸಿದರು. ಆ ಕ್ಷೇತ್ರದ ಕೆಲಸಕ್ಕಾಗಿ 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಪೆಟ್ಟುಬಿದ್ದ ಅಥವಾ ಸವೆದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟಿ ಊತವನ್ನೂ ನೋವನ್ನೂ ಎಬ್ಬಿಸುತ್ತವೆ. ಈ ಔಷಧಗಳು ಆ ಹುಟ್ಟನ್ನೇ ತಡೆಯುತ್ತವೆ. ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಇದೇ ದ್ರವ್ಯಗಳು ಹೊಟ್ಟೆಯ ಒಳಪೊರೆಯನ್ನು ಅಲ್ಲಿಯ ಆಮ್ಲದಿಂದ ಕಾಪಾಡುತ್ತವೆ, ಮೂತ್ರಪಿಂಡಕ್ಕೆ ರಕ್ತವೊಯ್ಯುವ ನಾಳಗಳನ್ನು ಅಗಲವಾಗಿ ತೆರೆದಿಡುತ್ತವೆ. ಗುಳಿಗೆಯಾದರೋ ಹೊಟ್ಟೆಯಿಂದ ರಕ್ತಕ್ಕಿಳಿದು ಸರ್ವಾಂಗವನ್ನೂ ಸುತ್ತುವುದು. ಮೊಳಕಾಲಾವುದು, ಮೂತ್ರಪಿಂಡವಾವುದು ಎಂಬ ವಿವೇಕ ಅದಕ್ಕಿಲ್ಲ. ಒಂದು ಮನೆಯಲ್ಲಿ ಕಳ್ಳನಡಗಿದ್ದಾನೆಂದು ಊರಿನ ಬಾವಿಗಳಿಗೆಲ್ಲ ಬೀಗ ಹಾಕಿದಂತೆ ಆಗುತ್ತದೆ. (ದನಗಳಿಗೆ ಚುಚ್ಚಿದ ಡೈಕ್ಲೊಫೆನಾಕು ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆಯೆಂಬುದು 2004ರಲ್ಲಿ ಹೊರಬಿದ್ದಿತು, ನಮ್ಮ ದೇಶದಲ್ಲಿ ಪಶುವೈದ್ಯಕ್ಕೆ ಅದನ್ನು 2006ರಲ್ಲಿ ನಿಷೇಧಿಸಿದರು. ಹಕ್ಕಿಯ ದೇಹ ಬೇರೆ, ಮನುಷ್ಯನದು ಬೇರೆ. ಆದರೂ ಈ ಸಂಗತಿಯನ್ನು ಓದಿದ ದಿನ ನಮಗೆ ಊಟ ರುಚಿಸಲಿಲ್ಲ.)

ಹಾಗಾದರೆ ಔಷಧವನ್ನು ಬಾಯಿಗೆ ಕೊಡದೆ, ನೋವಿರುವ ಜಾಗದ ಮೇಲೆಯೇ ಇಟ್ಟು, ಅಲ್ಲಿಂದಲೇ ಒಳಗಿಳಿಸಿದರಾಗದೆ? ಈ ಆಲೋಚನೆ ಹಳೆಯದು. ಸುಶ್ರುತಸಂಹಿತೆಯಲ್ಲಿ ಲೇಪಗಳ ವಿಚಾರವಾಗಿ ಒಂದು ಪ್ರಕರಣವೇ ಇದೆ. ಲೇಪವನ್ನು ರೋಮಗಳಿಗೆ ಎದುರಾಗಿ ಹಚ್ಚಬೇಕು, ಹಾಗೆ ಹಚ್ಚಿದರೆ ರೋಮಕೂಪಗಳ ಮತ್ತು ಬೆವರಿನ ನಾಳಗಳ ಬಾಯಿಂದ ಅದರ ವೀರ್ಯ ಒಳಹೊಗುತ್ತದೆ ಎಂದು ಗ್ರಂಥಕಾರನು ಹೇಳುತ್ತಾನೆ. ಒಣಗಿದ ಲೇಪ ನಿಷ್ಪ್ರಯೋಜಕವೆನ್ನುತ್ತಾನೆ. ಒಂದು ಲೇಪದ ಮೇಲೆ ಇನ್ನೊಂದನ್ನು ಹಾಕಕೂಡದು, ಹಾಕಿದಲ್ಲಿ ಅದು ದಪ್ಪವಾಗಿ ಕಾವನ್ನೂ ನೋವನ್ನೂ ಉರಿಯನ್ನೂ ಹುಟ್ಟಿಸುತ್ತದೆಂದು ಎಚ್ಚರಿಸುತ್ತಾನೆ. ಚರ್ಮದಲ್ಲಿ ಭ್ರಾಜಕವೆಂಬ ಅಗ್ನಿಯುಂಟೆಂದೂ, ಎಣ್ಣೆ ಲೇಪಗಳನ್ನು ಪಚನಮಾಡುವುದು ಅದೇ ಎಂದೂ ಆತನ ಮತ. ಇದನ್ನೆಲ್ಲ ಮುಂದಿಟ್ಟುಕೊಂಡು ಇಂದಿನ ಪಟ್ಟಿಗಳನ್ನು ನಮ್ಮವರು ಅಂದೇ ಕಂಡುಹಿಡಿದಿದ್ದರೆಂದು ವಾದಿಸುವ ಸ್ನೇಹಿತರು ನಮಗಿದ್ದಾರೆ; ಅವರ ಮಾತಿಗೆ ನಾವು ತಲೆದೂಗಲಾರೆವು. ಸುಶ್ರುತನು ಕಂಡದ್ದು ಸಾವಧಾನವಾಗಿ ನೋಡಬಲ್ಲ ಕಣ್ಣಿಗೆ ಕಾಣುವಂಥದು, ಅವನ ಹಿರಿಮೆಗೆ ಅಷ್ಟು ಸಾಕು. ಚರ್ಮದ ಎಲ್ಲಕ್ಕೂ ಹೊರಗಿನ ಪದರಕ್ಕೆ ಅವನು ಅವಭಾಸಿನಿಯೆಂದು ಹೆಸರಿಟ್ಟು, ಅದರ ದಪ್ಪವನ್ನು ಭತ್ತದ ಕಾಳಿನ ಹದಿನೆಂಟರಲ್ಲೊಂದು ಭಾಗವೆಂದು ಲೆಕ್ಕಹಾಕಿದ್ದಾನೆ. ಆದರೆ ಔಷಧವನ್ನು ನಿಜವಾಗಿ ತಡೆಯುವ ಗೋಡೆ ಅದಕ್ಕಿಂತಲೂ ತೆಳುವಾದುದೆಂಬುದು ಸೂಕ್ಷ್ಮದರ್ಶಕ ಬಂದ ಮೇಲೆ ತಿಳಿದ ವಿಷಯ.

ಆ ಗೋಡೆ ಸತ್ತ ಜೀವಕಣಗಳದು. ಹದಿನೈದಿಪ್ಪತ್ತು ಸಾಲುಗಳು ಒಂದರ ಮೇಲೊಂದು ಕೂತಿದ್ದರೂ ಒಟ್ಟು ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗವಷ್ಟೆ. ನೀವು ಓದುತ್ತಿರುವ ಈ ಕಾಗದದ ಹಾಳೆ ಅದಕ್ಕಿಂತ ಎಷ್ಟೋ ದಪ್ಪ. ಗಟ್ಟಿಯಾದ ಚಪ್ಪಟೆ ಕಣಗಳು ಇಟ್ಟಿಗೆಗಳಂತೆ, ಅವುಗಳ ನಡುವೆ ಕೊಬ್ಬಿನ ಜಾತಿಯ ದ್ರವ್ಯಗಳು ಗಾರೆಯಂತೆ. ಔಷಧದ ಕಣವು ಇಟ್ಟಿಗೆಯನ್ನು ಕೊರೆಯಲಾರದೆ, ಗಾರೆಯೊಳಗೆ ನುಸುಳಿ, ಸುತ್ತಿ ಬಳಸಿ ಇಳಿಯಬೇಕು. ನಾವು ಮಳೆಯಲ್ಲಿ ನೆನೆದರೂ ಮಣ್ಣಿನ ಮುದ್ದೆಯಾಗದಿರುವುದು, ಬಿಸಿಲಿಗೆ ಒಣಗಿ ಹಪ್ಪಳವಾಗದಿರುವುದು ಈ ಗಾರೆಯ ಕೃಪೆ. ಕೋಟೆಯನ್ನು ಕಟ್ಟಿದವನು ಶತ್ರುವನ್ನು ತಡೆಯಲೆಂದು ಕಟ್ಟಿದ. ಮಿತ್ರನಾದ ಔಷಧವು ಬಂದು ಕದ ತಟ್ಟಿದರೆ ಅದಕ್ಕೆ ಗುರುತು ಹತ್ತುವುದಿಲ್ಲ.

ಎಂಥ ಕಣ ನುಸುಳಬಲ್ಲುದು? ಮೊದಲನೆಯದಾಗಿ ಅದು ಚಿಕ್ಕದಾಗಿರಬೇಕು. ಅಣುಭಾರ 500ಕ್ಕೆ ಮೀರಿದುದು ಈ ದಾರಿಯಲ್ಲಿ ಹೋಗುವುದು ದುಸ್ತರವೆಂಬ ಒಂದು ಸ್ಥೂಲ ನಿಯಮವುಂಟು. ಡೈಕ್ಲೊಫೆನಾಕಿನದು 296, ಐಬುಪ್ರೊಫೆನಿನದು 206. ಆದ್ದರಿಂದ ಗಾತ್ರದ ತೊಂದರೆಯಿಲ್ಲ. ಎರಡನೆಯದು ಸ್ವಭಾವದ ತೊಂದರೆ. ಗಾರೆ ಕೊಬ್ಬಿನದಾದ್ದರಿಂದ ಅದರೊಳಗೆ ಹೋಗಲು ಕಣಕ್ಕೆ ಎಣ್ಣೆಯ ಒಲವಿರಬೇಕು; ಗಾರೆಯನ್ನು ದಾಟಿದೊಡನೆ ಕೆಳಗಿರುವ ಜೀವಂತ ಚರ್ಮ ನೀರಿನಂಶದ್ದಾದ್ದರಿಂದ ಅಲ್ಲಿ ನೀರಿನ ಒಲವಿರಬೇಕು. ಎಣ್ಣೆಯೊಡನೆ ಎಣ್ಣೆಯಾಗಿ, ನೀರಿನೊಡನೆ ನೀರಾಗಿ ನಡೆಯಬಲ್ಲ ಇಂಥ ಲೋಕಜ್ಞತೆ ಎಲ್ಲರಿಗೂ ಬರುವುದಿಲ್ಲ. ನಮ್ಮ ಶೋಥಹರಗಳು ಆಮ್ಲಜಾತಿಯವು. ಆಮ್ಲರೂಪದಲ್ಲಿದ್ದಾಗ ಎಣ್ಣೆಯ ಕಡೆಗೆ, ಲವಣರೂಪಕ್ಕೆ ತಿರುಗಿದಾಗ ನೀರಿನ ಕಡೆಗೆ ವಾಲುತ್ತವೆ.

ಈ ಅಡಚಣೆಗಳ ಫಲವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಸುತ್ತೇವೆ. ಇಡೀ ವಿಷಯದಲ್ಲಿ ನಮ್ಮನ್ನು ಬೆರಗುಗೊಳಿಸಿದ್ದು ಇದೇ. ಅಮೆರಿಕೆಯಲ್ಲಿ 2007ರಲ್ಲಿ ಅನುಮತಿ ಪಡೆದ, ಉಳುಕು ಮೂಗೇಟುಗಳಿಗೆ ಹಾಕುವ ಡೈಕ್ಲೊಫೆನಾಕ್ ಪಟ್ಟಿಯೊಂದುಂಟು. ಅಗಲ 10 ಸೆಂಟಿಮೀಟರು, ಉದ್ದ 14. ಅದರಲ್ಲಿ ತುಂಬಿರುವ ಔಷಧ 180 ಮಿಲಿಗ್ರಾಂ. ಹನ್ನೆರಡು ಗಂಟೆಯ ಕಾಲ ಅಂಟಿಸಿಕೊಂಡಿದ್ದು ಕಿತ್ತು ಬಿಸುಡುವಾಗ ಅದರಲ್ಲಿ ಉಳಿದಿರಬಹುದಾದುದೆಷ್ಟೆಂದರೆ 170 ಮಿಲಿಗ್ರಾಂವರೆಗೆ! ಬಂಡಿಯ ತುಂಬ ಅಕ್ಕಿ ಹೇರಿಕೊಂಡು ಸಂತೆಗೆ ಹೋಗಿ ಒಂದೆರಡು ಸೇರು ಮಾರಿ, ಮಿಕ್ಕುದನ್ನು ಹಾಗೆಯೇ ದಾರಿಯ ಬದಿಗೆ ಸುರಿದು ಬಂದಂತಾಯಿತಷ್ಟೆ. ಇಷ್ಟೊಂದು ತುಂಬುವುದೇಕೆಂದು ಕೇಳಬಹುದು. ಜಾತ್ರೆಯ ದಿನ ಗುಡಿಯ ಕಿರುಬಾಗಿಲಲ್ಲಿ ಒಳನುಗ್ಗುವ ಜನ ಎಷ್ಟೆಂಬುದು ಹೊರಗಿನ ನೂಕುನುಗ್ಗಲನ್ನು ಅವಲಂಬಿಸಿದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನಾಗಿ ಜನ ಒಳಹೋಗಬೇಕಾದರೆ ಹೊರಗೆ ಗುಂಪು ಕರಗಕೂಡದು. ಔಷಧದ್ದೂ ಹಾಗೆಯೇ, ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಅಂತರಕ್ಕೆ ತಕ್ಕ ವೇಗದಲ್ಲಿ ಹರಿಯುತ್ತದೆ. ಈ ನಿಯಮವನ್ನು ಜರ್ಮನಿಯ ಫಿಕ್ ಎಂಬಾತನು 1855ರಲ್ಲಿಯೇ ಸೂತ್ರೀಕರಿಸಿದ್ದನು.

ಆದರೆ ಕೇವಲ ತುಂಬಿದರೆ ಸಾಲದು. ಮಾವನ ಮನೆಯಲ್ಲಿ ಉಪಚಾರ ಅತಿಯಾದರೆ ಅಳಿಯ ಏಳುವುದಿಲ್ಲ. ಪಟ್ಟಿಯ ಅಂಟಿನಲ್ಲಿ ಔಷಧ ಅತ್ಯಂತ ಸುಲಭವಾಗಿ ಕರಗಿ ಸುಖವಾಗಿ ಕೂತುಬಿಟ್ಟರೆ, ಚರ್ಮಕ್ಕೆ ಹೊರಡುವ ಮನಸ್ಸೇ ಅದಕ್ಕೆ ಬರುವುದಿಲ್ಲ. ಇನ್ನು ಒಂದು ಕಣವೂ ಹಿಡಿಸದೆಂಬಷ್ಟು ಇಕ್ಕಟ್ಟಾದಾಗ ಹೊರಡುವ ಒತ್ತಾಯ ಹೆಚ್ಚು. ಆದಕಾರಣ ತಯಾರಿಸುವವರು ಅಂಟನ್ನು ಆರಿಸುವಾಗ ಔಷಧಕ್ಕೆ ಅದು ತೀರ ಹಿತವೂ ಆಗದಂತೆ, ತೀರ ಅಹಿತವೂ ಆಗದಂತೆ ನೋಡಿಕೊಳ್ಳುತ್ತಾರೆ. ಹಿಡಿಸುವುದಕ್ಕಿಂತ ಹೆಚ್ಚಾಗಿ ತುರುಕಿದರೆ ಇನ್ನೂ ವೇಗವಾಗಿ ಇಳಿಯುತ್ತದೆ, ನಿಜ. ಆದರೆ ಸಕ್ಕರೆಯ ಪಾಕ ಆರಿದಾಗ ಹರಳುಗಟ್ಟುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಅಂಗಡಿಯ ಕಪಾಟಿನಲ್ಲಿಯೇ ಔಷಧ ಹರಳಾಗಿಬಿಟ್ಟರೆ ಚರ್ಮಕ್ಕೆ ಬರುವುದು ಬರಿಯ ಅಂಟು. ಪಾಕ ಹರಳಾಗದಿರಲೆಂದು ನಾವು ನಿಂಬೆಯ ರಸ ಹಿಂಡುವ ಹಾಗೆ, ಹರಳನ್ನು ತಡೆಯುವ ಬೇರೆ ದ್ರವ್ಯಗಳನ್ನು ಅವರು ಸೇರಿಸಬೇಕಾಗುತ್ತದೆ.

ಇನ್ನೊಂದು ಉಪಾಯ ಔಷಧಕ್ಕೆ ತಕ್ಕ ಜೊತೆಗಾರನನ್ನು ಕೊಡುವುದು. ಮೇಲೆ ಹೇಳಿದ 180 ಮಿಲಿಗ್ರಾಂ ಪಟ್ಟಿಯಲ್ಲಿ ಡೈಕ್ಲೊಫೆನಾಕನ್ನು ಎಪೊಲಮೀನ್ ಎಂಬುದರೊಡನೆ ಲವಣವಾಗಿ ಕೂಡಿಸಿದ್ದಾರೆ. ಈ ಜೋಡಿ ನೀರಿನಲ್ಲಿಯೂ ಕರಗುತ್ತದೆ, ಎಣ್ಣೆಯಂಥ ದ್ರವ್ಯಗಳಲ್ಲಿಯೂ ಸಲ್ಲುತ್ತದೆ. ನಮ್ಮ ಅಂಗಡಿಗಳ ನೋವಿನ ಮುಲಾಮುಗಳ ಮೇಲೆ ಡೈಥೈಲಮೀನ್ ಎಂಬ ಹೆಸರು ಕಾಣುವುದು ಅಂಥದೇ ಸಂಬಂಧ. ಮೂರನೆಯ ಉಪಾಯ ಮುಚ್ಚಿಡುವುದು. ಪಟ್ಟಿಯ ಬೆನ್ನಿನ ಹಾಳೆ ಬೆವರಿನ ತೇವವನ್ನು ಹಿಡಿದಿಡುವುದರಿಂದ, ನೀರಿನಲ್ಲಿ ಬಹಳ ಹೊತ್ತಿದ್ದ ಬೆರಳಿನ ತುದಿಯಂತೆ ಚರ್ಮ ಉಬ್ಬಿ, ಇಟ್ಟಿಗೆಗಳ ನಡುವೆ ಸಡಿಲವಾಗುತ್ತದೆ. ಒಣಗಿದ ಲೇಪ ಸಲ್ಲದೆಂದ ಸುಶ್ರುತನ ಮಾತು ಇಲ್ಲಿ ನೆನಪಿಗೆ ಬರುತ್ತದೆ.

ಎಲ್ಲಕ್ಕೂ ಸ್ವಾರಸ್ಯವಾದುದು ಗಾರೆಯನ್ನೇ ಮೆತ್ತಗೆ ಮಾಡುವ ದ್ರವ್ಯಗಳ ಕಥೆ. ಪುದೀನಾ ಜಾತಿಯಿಂದ ಬರುವ ಮೆಂಥಾಲನ್ನು ಮುಲಾಮಿಗೆ ಹಾಕುವುದು ಕೇವಲ ತಂಪಿಗೆಂದು ನಾವು ನಂಬಿದ್ದೆವು. ತಂಪೆನಿಸುವುದು ನಿಜವೇ, ಜೊತೆಗೆ ಅದು ಕೊಬ್ಬಿನ ಸಾಲುಗಳ ಶಿಸ್ತನ್ನು ಕೆಡಿಸಿ, ಜೊತೆಯಲ್ಲಿ ಬಂದ ಔಷಧಕ್ಕೆ ಸಂದು ಮಾಡಿಕೊಡುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿಯೂ ಆಲಿವ್ ಎಣ್ಣೆಯಲ್ಲಿಯೂ ಹೇರಳವಾಗಿರುವ ಓಲಿಯಿಕ್ ಆಮ್ಲಕ್ಕೂ ಈ ಗುಣವುಂಟು. ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರವವಂತೂ ಇವಕ್ಕೆಲ್ಲ ಗುರು. ಅದು ಚರ್ಮವನ್ನು ಎಷ್ಟು ಬೇಗ ದಾಟುತ್ತದೆಂದರೆ, ಮೈಗೆ ಹಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಉಸಿರಿನಲ್ಲಿ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಮೊಳಕಾಲಿಗೆ ಹಚ್ಚುವ ಒಂದು ಬಗೆಯ ಡೈಕ್ಲೊಫೆನಾಕ್ ದ್ರಾವಣದಲ್ಲಿ ನೂರಕ್ಕೆ ನಾಲ್ವತ್ತೈದು ಭಾಗಕ್ಕೂ ಮಿಗಿಲು ಇದೇ ಇದೆ. ಬೆಳ್ಳುಳ್ಳಿ ತಿನ್ನದ ನಮ್ಮ ಅಕ್ಕನವರಿಗೆ ಇದನ್ನು ವಿವರಿಸಿದಾಗ ಅವರು, "ಆ ಔಷಧ ನಮ್ಮ ಹೊಸಿಲು ದಾಟಕೂಡದು" ಎಂದು ಅಪ್ಪಣೆ ಮಾಡಿದರು. ಹಳೆಯ ಕಾಲದ ಪಟ್ಟಿಗಳಲ್ಲಿ ಮೂಗಿಗೆ ಹೊಡೆಯುವ ವಾಸನೆಯಾದರೋ ಮೀಥೈಲ್ ಸ್ಯಾಲಿಸಿಲೇಟಿನದು. ಅದನ್ನು ಕೊಡುವ ಗಿಡದ ಒಂದು ಜಾತಿ ನಮ್ಮ ನೆರೆಯ ನೀಲಗಿರಿಯಲ್ಲಿ ಬೆಳೆಯುತ್ತದೆ, ಆ ಎಣ್ಣೆಯನ್ನು ಉದಕಮಂಡಲಕ್ಕೆ ಹೋದವರೆಲ್ಲ ಸೀಸೆಯಲ್ಲಿ ತರುತ್ತಾರೆ. ಜಪಾನಿನವರು ಇದನ್ನೇ ಪಟ್ಟಿಗೆ ಬಳಿದು 1934ರಿಂದ ಸಲೊನ್‌ಪಾಸ್ ಎಂಬ ಹೆಸರಿನಲ್ಲಿ ಮಾರುತ್ತಿದ್ದಾರೆ.

ಕೂದಲಿಗಿಂತ ಸ್ವಲ್ಪ ಉದ್ದವಾಗಿ ಕಾಣದ ಸೂಜಿಗಳನ್ನು ಸಾಲಾಗಿ ನೆಟ್ಟು, ಗೋಡೆಯಲ್ಲಿಯೇ ನೋವಾಗದಂತೆ ರಂಧ್ರ ಕೊರೆಯುವ ಪಟ್ಟಿಗಳೂ, ಸಣ್ಣ ವಿದ್ಯುತ್ಪ್ರವಾಹದಿಂದ ಔಷಧವನ್ನು ದೂಡುವ ಯಂತ್ರಗಳೂ ಇವೆ. ಅವುಗಳ ಮಾತು ಇನ್ನೊಮ್ಮೆ.

ಈಗ ನಮ್ಮ ತಪ್ಪಿನ ಕಥೆಗೆ ಬರುತ್ತೇವೆ. ಪಟ್ಟಿ ಹಾಕತೊಡಗಿದ ಒಂದು ವಾರದ ಮೇಲೆ, ಜಡಿಮಳೆ ಹಿಡಿದಿದ್ದ ಒಂದು ರಾತ್ರಿ, ಅಕ್ಕನವರಿಗೆ ನೋವು ವಿಪರೀತವಾಯಿತು. ಒಂದು ಪಟ್ಟಿಗೆ ಇಷ್ಟು ಗುಣವಿದ್ದರೆ ಎರಡಕ್ಕೆ ಇಮ್ಮಡಿಯಿರಬೇಕೆಂದು ತ್ರೈರಾಶಿಕದ ಲೆಕ್ಕಹಾಕಿ, ಮೊದಲನೆಯದರ ಅಂಚಿನ ಮೇಲೆ ಎರಡನೆಯದನ್ನು ಅಂಟಿಸಿದೆವು. ಸಾಲದೆಂದು ಬಿಸಿನೀರಿನ ಚೀಲವನ್ನು ಅದರ ಮೇಲಿಟ್ಟು, ಕಂಬಳಿ ಸುತ್ತಿ ಅರ್ಧ ಗಂಟೆ ಶಾಖ ಕೊಟ್ಟೆವು. ಅಕ್ಕ ನಿದ್ರೆ ಮಾಡಿದರು. ನಾವೂ ನಮ್ಮ ಜಾಣ್ಮೆಗೆ ಮೆಚ್ಚಿ ಮಲಗಿದೆವು. ಬೆಳಗ್ಗೆ ನೋಡಿದರೆ ಪಟ್ಟಿಯ ಅಳತೆಗೆ ಸರಿಯಾಗಿ ಚರ್ಮ ಕೆಂಡದ ಬಣ್ಣವಾಗಿ, ಎರಡೂ ಪಟ್ಟಿ ಕೂಡಿದ್ದ ಕಡೆ ನೀರುಗುಳ್ಳೆ ಎದ್ದಿತ್ತು. ಲೇಪದ ಮೇಲೆ ಲೇಪ ಹಾಕಕೂಡದೆಂಬ ವಾಕ್ಯಕ್ಕೆ ಅನ್ವಯ ಹೇಳಿಕೊಟ್ಟ ಬಾಯಿ ನಮ್ಮದು. ಕೈ ಮಾತ್ರ ಬೇರೆ ಯಾರದೋ ಎಂಬಂತೆ ನಡೆದುಕೊಂಡಿತ್ತು.

ವೈದ್ಯರು ಬೈದರು. "ಮೇಷ್ಟ್ರೇ, ಚರ್ಮ ಒಳಗೆ ಬಿಡುವುದು ಸಾಲದೆಂದು ಗೋಡೆಯನ್ನೇ ಒಡೆದಿರಾ? ಸುಟ್ಟದ್ದು ಕಾಣುತ್ತದೆ, ಒಳಗೆ ಹೋದದ್ದು ಕಾಣುತ್ತದೆಯೇ?" ಎಂದು ಕೇಳಿದರು. ಕಾವು ತಗುಲಿದಾಗ ಗಾರೆ ಇನ್ನಷ್ಟು ಸಡಿಲವಾಗುತ್ತದೆ. ಚರ್ಮದ ರಕ್ತನಾಳಗಳು ಅರಳಿ, ಇಳಿದುಬಂದ ಔಷಧವನ್ನು ಮೊಳಕಾಲಿಗೆ ಬಿಡದೆ ಹೊತ್ತುಕೊಂಡು ಮೈಗೆಲ್ಲ ಹಂಚುತ್ತವೆ. ಕ್ಯಾನ್ಸರಿನ ಕಡುನೋವಿಗೆ ಕೊಡುವ ಫೆಂಟನಿಲ್ ಪಟ್ಟಿಯ ಮೇಲೆ ಹೀಗೆ ಶಾಖ ತಗುಲಿ ಪ್ರಾಣವೇ ಹೋದುದುಂಟು. ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಸೇರಿದ ಮುಲಾಮು ಪಟ್ಟಿಗಳಿಂದ ಚರ್ಮ ಸುಟ್ಟ ಪ್ರಸಂಗಗಳನ್ನು ಕುರಿತು ಅಮೆರಿಕೆಯ ಔಷಧಾಧಿಕಾರಿಗಳು 2012ರಲ್ಲಿ ಪ್ರಕಟಣೆ ಹೊರಡಿಸಿ, ಹಚ್ಚಿದ ಜಾಗಕ್ಕೆ ಶಾಖ ಕೊಡಬೇಡಿರೆಂದು ಎಚ್ಚರಿಸಿದರು. ಶಾಖ ಬೇಕಾದವರು ಪಟ್ಟಿಯಿಲ್ಲದ ಹೊತ್ತಿನಲ್ಲಿ ಕೊಟ್ಟುಕೊಳ್ಳಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಔಷಧವನ್ನು ಚರ್ಮದಿಂದ ಹೆಚ್ಚುಹೆಚ್ಚಾಗಿ ಇಳಿಸುವುದೇ ಪುರುಷಾರ್ಥವೆಂದು ನಾವು ಮೊದಲು ಭಾವಿಸಿದ್ದೆವು. ಅದು ಹಾಗಲ್ಲ. ಮೇಲೆ ಹೇಳಿದ ಅಮೆರಿಕೆಯ ಪಟ್ಟಿಯನ್ನು ನಾಲ್ಕು ದಿನ ಬಿಡದೆ ಹಾಕಿದರೂ ರಕ್ತದಲ್ಲಿ ಕಾಣುವ ಔಷಧ, 50 ಮಿಲಿಗ್ರಾಮಿನ ಒಂದು ಗುಳಿಗೆಯಿಂದ ಬರುವುದರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಅಕ್ಕನವರಂಥವರ ಮೂತ್ರಪಿಂಡಕ್ಕೆ ಅಭಯವಿರುವುದು ಈ ಅಲ್ಪತ್ವದಲ್ಲಿಯೇ. ಜಪಾನಿನಲ್ಲಿ 2015ರಲ್ಲಿ ಎಸ್-ಫ್ಲರ್ಬಿಪ್ರೊಫೆನ್ ಎಂಬುದರ ಪಟ್ಟಿಗೆ ಅನುಮತಿ ದೊರೆಯಿತು. ಚರ್ಮದಿಂದ ಇಳಿಯುವುದರಲ್ಲಿ ಅದು ಬಹಳ ಸಮರ್ಥ. ಫಲವೇನಾಯಿತೆಂದರೆ, ಎರಡು ಪಟ್ಟಿ ಹಾಕಿದರೆ ರಕ್ತದಲ್ಲಿ ಸೇರುವುದು ಗುಳಿಗೆ ನುಂಗಿದವರಲ್ಲಿ ಸೇರುವಷ್ಟೇ. ಆದುದರಿಂದ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಹಾಕಕೂಡದೆಂದೂ, ಹೊಟ್ಟೆಹುಣ್ಣು ಮತ್ತು ಮೂತ್ರಪಿಂಡದ ತೀವ್ರರೋಗವುಳ್ಳವರು ಮುಟ್ಟಕೂಡದೆಂದೂ ಗುಳಿಗೆಗೆ ಹೇಳುವ ನಿಷೇಧಗಳನ್ನೇ ಅದಕ್ಕೂ ಹೇಳಬೇಕಾಯಿತು. ಪಟ್ಟಿ ತನ್ನ ವಿದ್ಯೆಯಲ್ಲಿ ಪೂರ್ಣವಾಗಿ ಗೆದ್ದರೆ ಅದು ಮೊಳಕಾಲಿಗೆ ಅಂಟಿಸಿದ ಗುಳಿಗೆಯಾಗಿಬಿಡುತ್ತದೆ. ಇಳಿಯಬೇಕು, ಇಳಿದಲ್ಲಿಯೇ ಸ್ವಲ್ಪ ನಿಲ್ಲಬೇಕು, ನೋವಿಗೆ ಸಾಲುವಷ್ಟಿರಬೇಕು: ಪಟ್ಟಿ ಮಾಡುವವರ ಕಷ್ಟವೆಲ್ಲ ಈ ಮೂರರ ನಡುವೆ.

ಮೊಳಕಾಲು, ಬೆರಳಿನ ಕೀಲುಗಳು ಚರ್ಮಕ್ಕೆ ಹತ್ತಿರವಿರುವುದರಿಂದ ಅಲ್ಲಿ ಇದು ಕೆಲಸಮಾಡುತ್ತದೆ. ಸೊಂಟದ ಕೆಳಗಿನ ತೊಡೆಯ ಕೀಲು ಮಾಂಸದ ಆಳದಲ್ಲಿರುವುದರಿಂದ ಅಲ್ಲಿಗೆ ಮುಟ್ಟುವುದು ದುರ್ಲಭ. ಚರ್ಮವೂ ಎಲ್ಲ ಕಡೆ ಒಂದೇ ಸಮನಲ್ಲ. ಹೈಡ್ರೊಕಾರ್ಟಿಸೋನ್ ಎಂಬ ಔಷಧದಿಂದ 1967ರಲ್ಲಿ ಪರೀಕ್ಷಿಸಿದಾಗ, ಮುಂಗೈ ಒಂದು ಪಾಲು ಹೀರಿದರೆ ಹಣೆ ಆರು ಪಾಲು ಹೀರಿತು, ಅಂಗಾಲು ಏಳರಲ್ಲೊಂದು ಪಾಲು ಮಾತ್ರ. ಹಿಮ್ಮಡಿಯ ನೋವಿಗೆ ಅಂಗಾಲಿಗೆ ಪಟ್ಟಿ ಹಾಕಿಕೊಂಡು ಗುಣ ಕಾಣದೆ ಗೊಣಗುವವರಿಗೆ ಇದನ್ನು ತಿಳಿಸುವುದೊಳ್ಳೆಯದು. ಗುಣದ ವಿಷಯದಲ್ಲಿಯೂ ಉತ್ಪ್ರೇಕ್ಷೆ ಬೇಡ. ಕೀಲುಸವೆತದವರಲ್ಲಿ ಡೈಕ್ಲೊಫೆನಾಕನ್ನು ಚರ್ಮಕ್ಕೆ ಹಚ್ಚಿ ಆರರಿಂದ ಹನ್ನೆರಡು ವಾರ ನಡೆಸಿದ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕಹಾಕಿದಾಗ, ಹತ್ತು ಮಂದಿಯಲ್ಲಿ ಆರು ಮಂದಿಗೆ ನೋವು ಚೆನ್ನಾಗಿ ತಗ್ಗಿತು. ಔಷಧವಿಲ್ಲದ ಬರಿಯ ಲೇಪ ಹಚ್ಚಿಕೊಂಡವರಲ್ಲಿಯೂ ಐದು ಮಂದಿಗೆ ತಗ್ಗಿತ್ತು. ಹಚ್ಚುವ ಕೈಯ ಗುಣವೂ ಸ್ವಲ್ಪ ಇರಬೇಕು.

ಗೌರಿಹಬ್ಬದ ಹಿಂದಿನ ದಿನ ಇನ್ನೊಂದು ಸಂಗತಿ ನಡೆಯಿತು. ಅಕ್ಕನವರು ಕರಿಗಡುಬಿಗೆ ಹಿಟ್ಟು ನಾದುತ್ತ ಲವಲವಿಕೆಯಿಂದಿರುವುದನ್ನು ಕಂಡು, ಪಟ್ಟಿ ಕೆಲಸಮಾಡಿತೆಂದು ನಾವು ಹಿಗ್ಗಿದೆವು. ನಮ್ಮ ಮನೆಯವರು ಸನ್ನೆಯಿಂದ ನಮ್ಮನ್ನು ಒಳಗೆ ಕರೆದು, ಸಾಸಿವೆಯ ಡಬ್ಬಿಯಲ್ಲಿ ಅಡಗಿಸಿದ್ದ ಗುಳಿಗೆಗಳನ್ನು ತೋರಿಸಿದರು. ಪಟ್ಟಿಯೂ ಗುಳಿಗೆಯೂ ಕೂಡಿ ನಾಲ್ಕು ದಿನ ನಡೆದಿದ್ದುವು. ಕೇಳಿದರೆ ಅಕ್ಕ, "ಹಬ್ಬದ ದಿನ ಹೊಸೆದ ಕಡುಬು ಮುರಿಯಬಾರದು, ಕೂತವಳು ಏಳಲಾರದೆ ಅಳಬಾರದು. ಮೂತ್ರಪಿಂಡ ನನ್ನದಲ್ಲವೇನೋ?" ಎಂದರು. ಎಪ್ಪತ್ತೆರಡು ವರ್ಷದ ಅಕ್ಕನಿಗೆ ಏನು ಹೇಳುವುದು? ನಾವು ಬೈಯಲಿಲ್ಲ. ಹಬ್ಬ ಮುಗಿದ ಮಾರನೆಯ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಡಬ್ಬಿಯನ್ನು ಅವರ ಮುಂದೆ ಇಟ್ಟೆವು. ಸಾಸಿವೆಯೂ ಕೆಲವು ಕಾಳು ಅದರೊಡನೆ ಹೋಯಿತು. ಎರಡು ತಿಂಗಳ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರುವುದು ನಿಂತು, ಕೊಂಚ ಇಳಿದಿತ್ತು.

ಈಗ ನಮ್ಮ ಮನೆಯಲ್ಲಿ ಪಟ್ಟಿ ಹಾಕುವ ಕ್ರಮ ಹೀಗಿದೆ. ನೋವು ಮೇರೆಮೀರಿದ ದಿನಗಳಲ್ಲಿ ಮಾತ್ರ, ವೈದ್ಯರು ಹೇಳಿದಷ್ಟು ಹೊತ್ತು, ಒಂದೇ ಒಂದು. ಗಾಯವಿರುವ ಚರ್ಮಕ್ಕಿಲ್ಲ. ಕೀಟೊಪ್ರೊಫೆನಿನ ಪಟ್ಟಿಯಾದರೆ ಆ ಜಾಗಕ್ಕೆ ಬಿಸಿಲು ಬಿದ್ದು ಚರ್ಮ ಬೊಬ್ಬೆಯೇಳುವುದುಂಟು. ಕಿತ್ತ ಮೇಲೆಯೂ ಎರಡು ವಾರ ಮುಚ್ಚಿಕೊಂಡಿರಬೇಕೆಂದು ಯುರೋಪಿನಲ್ಲಿ 2010ರಲ್ಲಿ ವಿಧಿಸಿದ್ದಾರೆ, ಜಪಾನಿನಲ್ಲಿ ನಾಲ್ಕು ವಾರ ಎನ್ನುತ್ತಾರೆ. ಅಂಗಳದ ಬಿಸಿಲಿನಲ್ಲಿ ಹಪ್ಪಳ ಕಾಯುವ ಅಕ್ಕನವರಿಗೆ ಅದು ಹೊಂದುವುದಿಲ್ಲವೆಂದು ವೈದ್ಯರೇ ಬಿಟ್ಟರು. ಕಿತ್ತ ಪಟ್ಟಿಯಲ್ಲಿ ನೂರೆಪ್ಪತ್ತು ಮಿಲಿಗ್ರಾಂವರೆಗೆ ಉಳಿದಿರಬಹುದೆಂದು ಹೇಳಿದೆವಷ್ಟೆ. ಮೊಮ್ಮಗು ಅದನ್ನು ಬಾಯಿಗಿಟ್ಟುಕೊಂಡರೆ ಹಲವು ಗುಳಿಗೆ ನುಂಗಿದಂತೆಯೇ. ಆದ್ದರಿಂದ ಅಂಟು ಒಳಗಾಗುವಂತೆ ಮಡಿಸಿ, ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕುತ್ತೇವೆ. ಹಾಕಿದ ಹೊತ್ತು ಮರೆತುಹೋಗದಿರಲೆಂದು, ಅಂಟಿಸುವುದಕ್ಕೆ ಮೊದಲು ಪಟ್ಟಿಯ ಬೆನ್ನಿನ ಮೇಲೆ ತಾರೀಖನ್ನೂ ಗಂಟೆಯನ್ನೂ ಮಸಿಯಲ್ಲಿ ಬರೆಯುವ ಕೆಲಸ ನಮ್ಮದು.

ಮೊನ್ನೆ ಬರೆಯುವುದು ಮರೆತು ಹಾಗೆಯೇ ಕೊಟ್ಟೆವು. ಅಕ್ಕ ಪಟ್ಟಿಯನ್ನು ತಿರುಗಿಸಿ ನೋಡಿ, "ಮುದ್ರೆ ಒತ್ತಿಲ್ಲವಲ್ಲೋ, ಅಂಚೆಯವನು ಹೇಗೆ ತೆಗೆದುಕೊಳ್ಳುತ್ತಾನೆ?" ಎಂದು ಹಿಂದಕ್ಕೆ ಕೊಟ್ಟರು. ಲೇಖನಿಯನ್ನು ಹುಡುಕಿ ತಂದು ಬರೆದುಕೊಟ್ಟೆವು.